ಮೈನೋದ್ದೀನನ ರೆಜಿಸ್ಟನ್ಸ್ ಪವರ್

ಮೊಡವೆಯೆಂದರೆ ಹದಿನಾರಕ್ಕೆ ಬಂದು ಇಪ್ಪತ್ತೆರಡಕ್ಕೆ ಹೊರಡುವ ನೆಂಟ ಎಂಬುದು ಲೋಕದ ಅನುಭವ. ಗೋಕಾಕದ ಮೈನೋದ್ದೀನನ ಮುಖಕ್ಕೆ ಬಂದ ನೆಂಟರು ಮಾತ್ರ ಅವನಿಗೆ ಮೂವತ್ತೆಂಟಾದರೂ ಹೊರಡುವ ಮಾತೆತ್ತಿರಲಿಲ್ಲ. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಸೇರಿದರು, ಹಣೆಯ ಮೇಲಿನ ಕೂದಲು ಎರಡು ಬೆರಳು ಹಿಂದೆ ಸರಿಯಿತು. ಹಾಗೆ ಖಾಲಿಯಾದ ಜಾಗದಲ್ಲೂ ಮೊಡವೆಗಳು ಹೊಸದಾಗಿ ಬಿಡಾರ ಹೂಡಿದವು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ. ಒಳ್ಳೆಯ ಮನುಷ್ಯ. ಕೇಳಿದವರಿಗೆ ಇಲ್ಲ ಎಂದವನಲ್ಲ. ಹೇಳಿದ್ದು ತಿಳಿಯದಿದ್ದರೂ ತಿಳಿಯಿತೆಂದೇ ತಲೆಯಾಡಿಸುವವನು. ಅವನ ಬಾಳಿನ ಫಜೀತಿಗಳೆಲ್ಲ ಈ ಎರಡನೆಯ ಗುಣದ ಸಂತಾನ.

ಮೊಡವೆಗೆ ಅವನು ಮಾಡುತ್ತಿದ್ದ ಉಪಚಾರ ಬಹಳ ಸರಳ. ಮುಖ ಕೆಂಪೇರಿತೆಂದರೆ ಎದುರಿಗಿದ್ದ ಶ್ರೀಶೈಲನ ಔಷಧಿ ಅಂಗಡಿಗೆ ಹೋಗಿ ಕೆನ್ನೆ ತಿರುಗಿಸಿ ನಿಲ್ಲುವುದು. ಶ್ರೀಶೈಲ ಆ ಕೆನ್ನೆಯನ್ನು ಸಂತೆಯಲ್ಲಿ ಕಲ್ಲಂಗಡಿ ನೋಡಿದ ಹಾಗೆ ನೋಡಿ, ಒಂದು ಟ್ಯೂಬು, ಎರಡು ಪಟ್ಟಿ ಗುಳಿಗೆ ಮುಂದೆ ತಳ್ಳುವುದು. ಮೂರು ದಿನ ನುಂಗಿದರೆ ಕೆಂಪು ಇಳಿಯುತ್ತಿತ್ತು. ಇಳಿದ ಮರುಕ್ಷಣ ಮೈನೋದ್ದೀನ ಗುಳಿಗೆ ನಿಲ್ಲಿಸುತ್ತಿದ್ದ. ಉಳಿದವು ಒಂದು ಬಿಸ್ಕೀಟಿನ ಡಬ್ಬಿ ಸೇರುತ್ತಿದ್ದವು. ಓಣಿಯಲ್ಲಿ ಯಾರಿಗೆ ಹಲ್ಲುನೋವು, ಯಾರಿಗೆ ಕುರು ಎಂದರೂ ಆ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು.

ಆದರೆ ಈ ವರ್ಷ ಏನಾಯಿತೋ, ಗುಳಿಗೆಗಳು ಮಾತು ಕೇಳುವುದನ್ನೇ ಬಿಟ್ಟವು. ಮೂರು ದಿನವಲ್ಲ, ಹದಿಮೂರು ದಿನ ನುಂಗಿದರೂ ಮೊಡವೆ ಜಗ್ಗಲಿಲ್ಲ. ದವಡೆಯ ಕೆಳಗೆ ಅಡಕೆಯ ಗಾತ್ರದ್ದೊಂದು ಎದ್ದಾಗ ಹೆಂಡತಿ ಸಾಹಿರಾ ಅವನನ್ನು ಅಕ್ಷರಶಃ ಅಂಗಿ ಹಿಡಿದು ಘಟಪ್ರಭೆಗೆ ಕರೆದೊಯ್ದಳು. ಅಲ್ಲಿ ಮಂಗಳವಾರಕ್ಕೊಮ್ಮೆ ಬೆಳಗಾವಿಯಿಂದ ಡಾಕ್ಟರ್ ಸಂಘಮಿತ್ರಾ ಎಂಬ ಚರ್ಮದ ವೈದ್ಯೆ ಬರುತ್ತಿದ್ದರು.

ಡಾಕ್ಟರು ಮುಖ ನೋಡಿದರು, ಅವನು ಈವರೆಗೆ ನುಂಗಿದ ಗುಳಿಗೆಗಳ ಹೆಸರು, ನುಂಗಿದ ಪರಿ ಕೇಳಿದರು, ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟರು. ಆಮೇಲೆ ಆ ಅಡಕೆಯಿಂದ ಸ್ವಲ್ಪ ಕೀವು ತೆಗೆದು, “ಇದನ್ನ ಬೆಳಗಾವಿ ಲ್ಯಾಬಿಗೆ ಕಳಿಸ್ತೇನಿ. ಯಾವ ಔಷಧ ನಡೀತೈತಿ, ಯಾವುದು ನಡ್ಯಂಗಿಲ್ಲ ನೋಡೂಣು. ರಿಪೋರ್ಟ್ ಬಂದ ಮ್ಯಾಲ ಬರ್ರಿ. ತಿಳೀತಿಲ್ರಿ?” ಎಂದರು.

ಮೈನೋದ್ದೀನ ತಿಳಿಯಿತೆಂದು ತಲೆಯಾಡಿಸಿದ.

ಒಂಬತ್ತನೆಯ ದಿನ, ಬುಧವಾರ ಸಂಜೆ, ರಿಪೋರ್ಟು ಮೊಬೈಲಿಗೆ ಬಂತು. ಎಲ್ಲ ಇಂಗ್ಲಿಷು. ಓಣಿಯ ಇಂಗ್ಲಿಷಿಗೆಲ್ಲ ಬಾಜೂ ಮನೆಯ ಮುರಿಗೆಪ್ಪ ಮಾಸ್ತರರೇ ಗತಿ. ಅವರು ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿ ಸರಕಾರದ ಲೆಕ್ಕದಲ್ಲಿ ಮಾತ್ರ. ಕಟ್ಟೆಯ ಮೇಲೆ ಕೂತು ಯಾರಿಗಾದರೂ ಏನಾದರೂ ಕಲಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮಾಸ್ತರರು ಮೊಬೈಲನ್ನು ಕೈಯುದ್ದ ದೂರ ಹಿಡಿದು ಓದತೊಡಗಿದರು.

“ಮ್ಯಾಲ ನಿನ್ನ ಹೆಸರು ಐತಿ. ಅದರ ಕೆಳಗ ಏನೋ ಲ್ಯಾಟಿನ್. ಕ್ಯೂಟಿ... ಕ್ಯೂಟಿ ಅಂತ ಸುರು ಆಗೇತಿ. ಮುಂದಿನ ಅಕ್ಷರ ಸಣ್ಣವು, ಕಾಣವಲ್ಲವು.”

“ಕ್ಯೂಟಿ ಅಂದ್ರ ಚಂದ ಅಲ್ರಿ ಸರ್?” ಎಂದ ಮೈನೋದ್ದೀನ. ಮಕ್ಕಳಿಂದ ಅಷ್ಟು ಇಂಗ್ಲಿಷು ಅವನಿಗೂ ಬಂದಿತ್ತು.

ಬಾಗಿಲಲ್ಲಿ ನಿಂತಿದ್ದ ಸಾಹಿರಾ ಸೆರಗು ಬಾಯಿಗೆ ಒತ್ತಿಕೊಂಡಳು.

“ಇರಲಿ. ಕೆಳಗ ಹತ್ತು ಔಷಧದ ಹೆಸರು ಅದಾವ. ಒಂದೊಂದರ ಮುಂದ ಫಲಿತಾಂಶ. ಎರಿಥ್ರೋಮೈಸಿನ್, ರೆಜಿಸ್ಟಂಟ್. ಕ್ಲಿಂಡಾಮೈಸಿನ್, ರೆಜಿಸ್ಟಂಟ್. ಅಜಿತ್ರೋಮೈಸಿನ್, ರೆಜಿಸ್ಟಂಟ್...” ಮಾಸ್ತರರ ದನಿ ಒಂದೊಂದು ಸಾಲಿಗೂ ಒಂದೊಂದು ಮೆಟ್ಟಿಲು ಏರಿತು. “ಎಂಟು ಸಲ ಐತೋ ಮೈನೂ! ಎಂಟು ಸಲ ರೆಜಿಸ್ಟಂಟ್!”

“ಅಂದ್ರ ಏನ್ರಿ ಸರ್?”

“ರೆಜಿಸ್ಟನ್ಸ್ ಪವರ್ ಅಂತ ಕೇಳಿಲ್ಲೇನು? ಕೊರೋನಾದಾಗ ಟಿವಿಯವ್ರು ಹಗಲೂರಾತ್ರಿ ಬಡಕೊಂಡ್ರಲ್ಲ, ರೋಗ ನಿರೋಧಕ ಶಕ್ತಿ, ರೋಗ ನಿರೋಧಕ ಶಕ್ತಿ ಅಂತ? ಅದು ನಿನಗ ಹತ್ತಕ್ಕ ಎಂಟು ಐತಿ. ಎಂಬತ್ತು ಪರ್ಸೆಂಟ್. ಡಿಸ್ಟಿಂಕ್ಷನ್!”

ಮೈನೋದ್ದೀನ ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಮೂವತ್ತೇಳರ ಮೇಲೆ ಹೋದವನಲ್ಲ. ಅವನು ಗೋಡೆ ಹಿಡಿದು ನಿಧಾನಕ್ಕೆ ಕಟ್ಟೆಯ ಮೇಲೆ ಕೂತ.

“ಉಳಿದ ಎರಡು?” ಎಂದು ಒಳಗಿನಿಂದ ಮಾಸ್ತರರ ಹೆಂಡತಿ ಗೌರವ್ವ ಕೇಳಿದಳು.

“ಆ ಎರಡರಾಗ ಸೆನ್ಸಿಟಿವ್ ಅಂತ ಬರದಾರ. ಸೂಕ್ಷ್ಮ ಸ್ವಭಾವದ ಮನಷ್ಯಾ ಅಂತ ಅರ್ಥ.”

“ಲ್ಯಾಬಿನವ್ರು ಬರೋಬ್ಬರಿ ಹಿಡದಾರ ನೋಡ್ರಿ,” ಎಂದಳು ಸಾಹಿರಾ. “ಉಪ್ಪಿಟ್ಟು ಆರೇತಿ ಅಂದ್ರ ಎರಡು ದಿನ ಮಾತಾಡಂಗಿಲ್ಲ ಇವ್ರು.”

ಆದರೂ ಒಂದು ಖಾತ್ರಿ ಇರಲೆಂದು ಮೈನೋದ್ದೀನ ಡಾಕ್ಟರಿಗೆ ಸಂದೇಶ ಕಳಿಸಿದ: ‘ಮೇಡಮ್, ರಿಪೋರ್ಟ್ ಬಂದೈತ್ರಿ. ಭಾಳ ಚಲೋ ಬಂದೈತಿ.’ ಅರ್ಧ ಗಂಟೆಗೆ ಉತ್ತರ ಬಂತು: ‘ನೋಡಿದೆ. ಇವತ್ತಿನಿಂದಲೇ ಎಲ್ಲ ಗುಳಿಗೆ, ಟ್ಯೂಬು ನಿಲ್ಲಿಸಿ. ಮಂಗಳವಾರ ತಪ್ಪದೆ ಬನ್ನಿ.’

ಮಾಸ್ತರರು ತೊಡೆ ತಟ್ಟಿದರು. “ನೋಡು! ನಿನಗ ಇನ್ನ ಔಷಧನ ಬ್ಯಾಡಂತ. ಮಂಗಳವಾರ ಬಾ ಅಂದದ್ದು ಅಭಿನಂದನೆ ಹೇಳಾಕ ಇರಬೇಕು.”

ಇಷ್ಟಾದ ಮೇಲೆ ಯಾರು ಸುಮ್ಮನಿದ್ದಾರು? ಮೈನೋದ್ದೀನ ಆ ರಿಪೋರ್ಟನ್ನು ತನ್ನ ಸ್ಟುಡಿಯೋದಲ್ಲೇ ಗೋಡೆಯ ಕ್ಯಾಲೆಂಡರಿನ ಗಾತ್ರಕ್ಕೆ ದೊಡ್ಡದು ಮಾಡಿ, ಲ್ಯಾಮಿನೇಶನ್ ಹೊಡೆಸಿ, ಬರುವವರಿಗೆ ಕಾಣುವ ಹಾಗೆ ತೂಗುಹಾಕಿದ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಫೋಟೋ ಮರೆತು ಅದನ್ನೇ ನೋಡತೊಡಗಿದರು.

ಓಣಿಗೆ ಓಣಿಯೇ ಬದಲಾಯಿತು. ಮಾಸ್ತರರಿಗೆ ನೆಗಡಿ ಬಂದಾಗ ಗೌರವ್ವ ತಂಬಿಗೆಯಲ್ಲಿ ಮಜ್ಜಿಗೆ ತಂದು, “ಮೈನೂ, ಒಂದು ಗುಟುಕು ನೀ ಕುಡದು ಕೊಡಪಾ. ನಿನ್ನ ಪವರ್ ಸ್ವಲ್ಪ ಇವ್ರಿಗೂ ಹತ್ತಲಿ,” ಎಂದಳು. ಮೈನೋದ್ದೀನ ಗಂಭೀರವಾಗಿ ಒಂದು ಗುಟುಕು ಕುಡಿದು ಕೊಟ್ಟ. ನೆಗಡಿ ತನ್ನ ಪದ್ಧತಿಯಂತೆ ನಾಲ್ಕು ದಿನ ಇದ್ದು ಹೋಯಿತು. ಗೌರವ್ವ ಮಾತ್ರ, ಇಲ್ಲದಿದ್ದರೆ ಅದು ಎಂಟು ದಿನ ಇರುತ್ತಿತ್ತೆಂದು ಓಣಿಗೆಲ್ಲ ಸಾರಿದಳು. ನಿತ್ಯ ಏನು ತಿನ್ನುತ್ತೀ ಎಂದು ಯಾರೋ ಕೇಳಿದರು. ಮೈನೋದ್ದೀನ ಯೋಚಿಸಿ, ಸುಳ್ಳು ಹೇಳಬಾರದೆಂದು, ಸಂಜೆಗೆ ಮಿರ್ಚಿ ಭಜಿ ಎಂದ. ಆ ವಾರ ಓಣಿಯಲ್ಲಿ ಅರ್ಧ ಮಂದಿಗೆ ಎದೆಯುರಿ.

ಇದರ ನಡುವೆಯೇ, ಶುಕ್ರವಾರ, ಹುಕ್ಕೇರಿಯಿಂದ ಮಾವ ಮೌಲಾಅಲಿ ಬಂದಿಳಿದರು. ಹಗ್ಗದ ವ್ಯಾಪಾರಿ. ಆರಡಿ ಎತ್ತರದ ಆಳು, ಹುಕ್ಕೇರಿಯ ಹಿರಿಯರ ಸಂಘದ ಅಧ್ಯಕ್ಷರು. ಹನ್ನೆರಡು ವರ್ಷದಿಂದ ಅವರು ಮೈನೋದ್ದೀನನನ್ನು ಯಾರಿಗಾದರೂ ಪರಿಚಯಿಸುವಾಗ, “ಇಂವಾ... ಸಾಹಿರಾನ ಗಂಡ,” ಎನ್ನುತ್ತಿದ್ದರು, ನಡುವೆ ಒಂದು ಸಣ್ಣ ನಿಟ್ಟುಸಿರು ಬಿಟ್ಟು. ಈಗ ತೂಗುಹಾಕಿದ ರಿಪೋರ್ಟಿನ ಮುಂದೆ ಕೈಕಟ್ಟಿ ನಿಂತು ಎಂಟೂ ಸಾಲುಗಳನ್ನು ಬೆರಳಿಟ್ಟು ಎಣಿಸಿದರು.

“ನಮ್ಮ ಅಳಿಯ!” ಎಂದರು.

ಸಾಹಿರಾಳ ಕಣ್ಣಲ್ಲಿ ನೀರು ಬಂತು. ಮೈನೋದ್ದೀನನಿಗೆ ಅಂದು ಊಟದಲ್ಲಿ ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ.

ಊಟವಾದ ಮೇಲೆ ಮಾವ ಅವನೊಬ್ಬನನ್ನೇ ಸ್ಟುಡಿಯೋದ ಒಳಕೋಣೆಗೆ ಕರೆದು ಬಾಗಿಲು ಹಾಕಿದರು. ಬಲಗಾಲಿನ ಬೂಟು ಬಿಚ್ಚಿದರು. ಹೆಬ್ಬೆರಳ ಬದಿಗೆ ಒಂದು ಹುಣ್ಣು. ಸುತ್ತ ಊದಿ ಕಪ್ಪಗಾಗಿತ್ತು.

“ಬೂಟು ಕಚ್ಚಿತ್ತು. ಒಂದು ತಿಂಗಳಾತು. ನೋವ್ ಏನೂ ಇಲ್ಲ.”

“ಮಾವಾ, ನಿಮಗ ಸಕ್ಕರಿ ಬ್ಯಾನಿ ಐತಿ. ಡಾಕ್ಟರಿಗೆ...”

“ಡಾಕ್ಟರು ಅಂದ್ರ ಬೆರಳು ಕಡೀತಾರ. ನಿನಗ ಇಷ್ಟು ಪವರ್ ಕೊಟ್ಟ ಗುಳಿಗಿ ಇರ್ತಾವಲ್ಲ, ಅವನ್ನ ಕೊಡು. ಮತ್ತ ಈ ಮಾತು ಸಾಹಿರಾಗ ಗೊತ್ತಾಗಬಾರದು. ಹುಕ್ಕೇರಿಯಾಗ ಒಂದು ನರಪಿಳ್ಳಿಗೆ ಗೊತ್ತಾಗಬಾರದು. ಮಾತು ಕೊಡು.”

ಹನ್ನೆರಡು ವರ್ಷಕ್ಕೆ ಮೊದಲ ಬಾರಿ ಮಾವ ಏನನ್ನೋ ಬೇಡಿದ್ದರು. ಮೈನೋದ್ದೀನ ಮಾತು ಕೊಟ್ಟ. ಬಿಸ್ಕೀಟಿನ ಡಬ್ಬಿಯಿಂದ ಎರಡೂವರೆ ಪಟ್ಟಿ ಗುಳಿಗೆಯನ್ನೂ ಕೊಟ್ಟ. ಮೌಲಾಅಲಿ ಬೂಟು ಹಾಕಿಕೊಂಡು ಎದ್ದು, “ಮುಂದಿನ ಐತವಾರ ನಮ್ಮ ಸಂಘದ ಆರೋಗ್ಯ ಸಮಾರಂಭ ಐತಿ. ನಿನಗ ಸನ್ಮಾನ,” ಎಂದು ಘೋಷಿಸಿ ಬಸ್ಸು ಹತ್ತಿದರು.

ಇತ್ತ ಮೂಡಲಗಿಯಲ್ಲಿ ಮೈನೋದ್ದೀನನ ತಂಗಿ ನಾಜಿಯಾಳ ಮನೆಯಲ್ಲಿ ಎಲ್ಲರಿಗೂ ಕಣ್ಣುಬೇನೆ. ಕಣ್ಣು ಕೆಂಡದ ಹಾಗೆ ಕೆಂಪಾಗಿ, ಬೆಳಗಾದರೆ ರೆಪ್ಪೆಗೆ ರೆಪ್ಪೆ ಅಂಟುವ ಜಾತಿಯದು. ಹಾಲಿನವನು ಹಾಲನ್ನು ಗೇಟಿನಾಚೆ ಇಟ್ಟು ಓಡುತ್ತಿದ್ದ. ನಾಜಿಯಾ ಫೋನು ಮಾಡಿ, “ಭಾಯಿಜಾನ, ಯಾರೂ ಹಣಿಕಿ ಹಾಕವಲ್ರು,” ಎಂದು ಅತ್ತಳು.

“ನಾ ಇದ್ದೇನಲ್ಲ!” ಎಂದ ಮೈನೋದ್ದೀನ. ಭಾನುವಾರ ಮುಂಜಾನೆಯ ಬಸ್ಸಿಗೆ ಎರಡು ಡಬ್ಬಿ ಕರದಂಟು ಹಿಡಿದು ಹೊರಟೇಬಿಟ್ಟ.

ನಾಜಿಯಾಳ ಗಂಡ ಅಖ್ತರ ಬಾಗಿಲಲ್ಲೇ ಎರಡೂ ಕೈ ಚಾಚಿ ತಡೆದ. “ಒಳಗ ಬರಬ್ಯಾಡ್ರಿ ಭಾವಾ. ಹತ್ತತೈತಿ.”

“ನನಗಾ?” ಎಂದು ಮೈನೋದ್ದೀನ ನಕ್ಕ. ಆ ನಗೆಯಲ್ಲಿ ಎಂಬತ್ತು ಪರ್ಸೆಂಟ್ ಇತ್ತು. ಅವನು ಅಖ್ತರನನ್ನು ಅಪ್ಪಿದ, ತಂಗಿಯ ಮಕ್ಕಳನ್ನು ಮುದ್ದಿಸಿದ, ಅವರ ಹಾಸಿಗೆಯ ಮೇಲೆಯೇ ಕಾಲು ಚಾಚಿ ಮಲಗಿದ, ಕೈತೊಳೆದು ಅಖ್ತರನ ಟವೆಲ್ಲಿನಿಂದಲೇ ಮುಖ ಒರೆಸಿಕೊಂಡ. ಓಣಿಯವರು ದೂರದ ಕಟ್ಟೆಗಳ ಮೇಲೆ ನಿಂತು ಬೆರಗಿನಿಂದ ನೋಡಿದರು. ಹಾಲಿನವನು ಸೈಕಲ್ಲಿನಿಂದ ಇಳಿದು ಸಲಾಮು ಮಾಡಿದ.

ಮಂಗಳವಾರ ಮುಂಜಾನೆ ಮೈನೋದ್ದೀನ ಕಣ್ಣು ತೆರೆಯಲು ಹೋದ. ಅವು ತೆರೆಯಲಿಲ್ಲ.

ಬಿಸಿನೀರು ಹಾಕಿ ಬಿಡಿಸಿಕೊಂಡು ಕನ್ನಡಿಯಲ್ಲಿ ನೋಡಿದರೆ ಎರಡು ಟೊಮ್ಯಾಟೊ ಅವನನ್ನೇ ನೋಡುತ್ತಿದ್ದವು. ಅವನು ತಡಮಾಡದೆ ಕಪ್ಪು ಕನ್ನಡಕ ಹಾಕಿಕೊಂಡ. ಇಂಥ ಕಣ್ಣು ಹೊತ್ತು ಡಾಕ್ಟರ ಮುಂದೆ ಅಭಿನಂದನೆಗೆ ಹೋಗುವುದು ಹೇಗೆ? ಘಟಪ್ರಭೆಯ ಪ್ರಯಾಣವನ್ನು ರದ್ದುಮಾಡಿದ.

“ಒಲಿ ಮುಂದ ಕೂತು ಕಪ್ಪ ಕನ್ನಡಕ ಯಾಕ್ರಿ?” ಎಂದಳು ಸಾಹಿರಾ.

“ಸ್ಟೈಲ್. ಐತವಾರ ಸನ್ಮಾನ ಐತಲ್ಲ, ರೂಢಿ ಆಗಲಿ ಅಂತ.”

ಸಾಹಿರಾ ಲಟ್ಟಣಿಗೆ ಕೆಳಗಿಟ್ಟು, ಬಂದು, ಎರಡು ಬೆರಳಿನಿಂದ ಕನ್ನಡಕ ಎತ್ತಿದಳು. ಎರಡು ಹೆಜ್ಜೆ ಹಿಂದೆ ಸರಿದಳು. “ಎಲ್ಲಿ ಹೋತ್ರಿ ನಿಮ್ಮ ಪವರ್?”

ಉತ್ತರಕ್ಕಾಗಿ ಮಾಸ್ತರರನ್ನು ಕರೆಯಬೇಕಾಯಿತು. ಅವರು ಬಾಗಿಲಾಚೆಯೇ ನಿಂತು, ಮೂಗಿಗೆ ಧೋತರದ ಚುಂಗು ಹಿಡಿದು, ದೀರ್ಘಕಾಲ ಚಿಂತಿಸಿದರು. ಆಮೇಲೆ ಅವರ ಮುಖ ಬೆಳಗಿತು.

“ಲೆಕ್ಕ ಬರೋಬ್ಬರಿ ಕೂಡತೈತಿ! ಹತ್ತರಾಗ ಎಂಟು ರೆಜಿಸ್ಟಂಟ್. ಎರಡು ಸೆನ್ಸಿಟಿವ್ ಇದ್ದವಲ್ಲ? ಅವು ಎರಡು ಕಣ್ಣ!”

ಮೈನೋದ್ದೀನನಿಗೆ ಹೋದ ಜೀವ ಬಂತು. ಸಾಹಿರಾ ಮಾತ್ರ ಅವನ ತಟ್ಟೆ, ಲೋಟ, ಟವೆಲ್ಲು ಬೇರೆ ಇಟ್ಟಳು.

ಭಾನುವಾರ ಹುಕ್ಕೇರಿಯ ಸಭಾಭವನದ ಮುಂದೆ ಆಳೆತ್ತರದ ಬ್ಯಾನರು. ಅದರಲ್ಲಿ ಮೈನೋದ್ದೀನನ ಭಾವಚಿತ್ರ, ಕೆಳಗೆ ‘ರೋಗ ನಿರೋಧಕ ಶಕ್ತಿಯ ಜೀವಂತ ನಿದರ್ಶನ.’ ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಮುಖ್ಯ ಅತಿಥಿ: ಡಾ. ಸಂಘಮಿತ್ರಾ, ಚರ್ಮರೋಗ ತಜ್ಞರು.’

“ನೋಡಿದ್ಯಾ?” ಎಂದರು ಸಾಹಿರಾಳ ಜೊತೆಗೆ ಬಂದಿದ್ದ ಮುರಿಗೆಪ್ಪ ಮಾಸ್ತರರು. “ನೀ ಮಂಗಳವಾರ ಹೋಗಲಿಲ್ಲ ಅಂತ ಡಾಕ್ಟರಮ್ಮ ತಾನ ಬರಾಕತ್ತಾಳ ಅಭಿನಂದನೆ ಹೇಳಾಕ.”

ಮೈನೋದ್ದೀನ ಕಪ್ಪು ಕನ್ನಡಕ ಸರಿಪಡಿಸಿಕೊಂಡು ವೇದಿಕೆ ಹತ್ತಿದ. ಡಾಕ್ಟರು ಬರುವುದು ಸ್ವಲ್ಪ ತಡವಾಗಿ, ಸನ್ಮಾನ ಮೊದಲೇ ನಡೆಯಿತು. ಮೌಲಾಅಲಿ ತಾವೇ ಶಾಲು ಹೊದಿಸಿದರು, ಹಾರ ಹಾಕಿದರು. ನಡೆಯುವಾಗ ಅವರ ಬಲಗಾಲು ಸ್ವಲ್ಪ ಎಳೆಯುತ್ತಿದ್ದುದನ್ನು ಮೈನೋದ್ದೀನ ಕಪ್ಪು ಗಾಜಿನೊಳಗಿಂದಲೂ ಕಂಡ. ವೇದಿಕೆಯ ಮೇಲೆ ರಿಪೋರ್ಟು ಹೂಮಾಲೆ ಹಾಕಿಸಿಕೊಂಡು ಕುರ್ಚಿಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಡಾಕ್ಟರ್ ಸಂಘಮಿತ್ರಾ ಬಂದರು. ನಮಸ್ಕಾರ ಮಾಡುತ್ತ ಬಂದವರು ಆ ಕುರ್ಚಿಯ ಮುಂದೆ ನಿಂತುಬಿಟ್ಟರು. ಹೂಮಾಲೆ ಸರಿಸಿ ಓದಿದರು. ಸನ್ಮಾನಿತನ ದವಡೆಯ ಕೆಳಗೆ ನೋಡಿದರು. ಅಡಕೆ ಅಲ್ಲಿಯೇ ಇತ್ತು.

“ಮೈನೋದ್ದೀನರ? ನೀವು ಮಂಗಳವಾರ ಬರಲಿಲ್ಲ.”

“ಬಿಡುವು ಆಗಲಿಲ್ರಿ ಮೇಡಮ್.”

ಡಾಕ್ಟರು ಮೈಕು ತೆಗೆದುಕೊಂಡರು. “ಹಿರಿಯರ, ಈ ಕಾಗದ ನನಗ ಗೊತ್ತೈತಿ. ಪರೀಕ್ಷೆ ಮಾಡಿಸಿದಾಕಿ ನಾನ. ಒಂದು ಮಾತು ಹೇಳಬೇಕು. ಇದು ಇವರ ಬಗ್ಗೆ ಬರದದ್ದಲ್ಲ.”

ಮೌಲಾಅಲಿ, “ಹೆಸರು ಇವಂದ ಐತಲ್ರಿ? ಮತ್ತ ಯಾರ ಬಗ್ಗೆ?” ಎಂದರು.

“ಇವರ ಮೊಡವಿಯೊಳಗಿನ ಕ್ರಿಮಿ ಬಗ್ಗೆ. ಹೆಸರಿನ ಕೆಳಗಿನ ಲ್ಯಾಟಿನ್ ಆ ಕ್ರಿಮಿ ಹೆಸರು. ಎಂಟು ಔಷಧಕ್ಕ ಅವು ಜಗ್ಗಂಗಿಲ್ಲ, ಎರಡಕ್ಕಷ್ಟ ಜಗ್ಗತಾವ ಅಂತ ಬರದಾರ. ರೆಜಿಸ್ಟನ್ಸ್ ಇರೂದು ಇವರಿಗಲ್ಲ, ಕ್ರಿಮಿಗೆ.”

ಮೌಲಾಅಲಿ ಹಾರವನ್ನೊಮ್ಮೆ, ಶಾಲನ್ನೊಮ್ಮೆ ನೋಡಿದರು. “ಅಂದ್ರ ನಾವು ಸನ್ಮಾನ ಮಾಡಿದ್ದು...”

“ಕ್ರಿಮಿಗೆ ಅಂದ್ರೂ ನಡೀತೈತ್ರಿ.”

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಭವನವೇ ನಕ್ಕಿತು. ಮುರಿಗೆಪ್ಪ ಮಾಸ್ತರರು ಮಾತ್ರ ಎದ್ದು ನಿಂತು ಕೇಳಿದರು: “ಹಂಗಾರ ಡಿಸ್ಟಿಂಕ್ಷನ್?”

“ಅದೂ ಅವಕ್ಕ, ಸರ್. ಈ ಕ್ರಿಮಿ ಎಲ್ಲಾರ ಚರ್ಮದ ಮ್ಯಾಲೂ ಇರ್ತಾವ, ಸುಮ್ಮನ ಇರ್ತಾವ. ಇವ್ರು ಮೂರು ದಿನ ಗುಳಿಗಿ ನುಂಗೂದು, ಬಿಡೂದು, ಮತ್ತ ನುಂಗೂದು ಹಿಂಗ ಇಪ್ಪತ್ತು ವರ್ಷ ಮಾಡ್ಯಾರ. ಬಡಕಲು ಕ್ರಿಮಿ ಸತ್ತುವು, ಗಟ್ಟಿ ಕ್ರಿಮಿ ಉಳದುವು. ಉಳದದ್ದು ಬೆಳೀತು. ಒಟ್ಟಿನ್ಯಾಗ ಇವ್ರು ಅವಕ್ಕ ಇಪ್ಪತ್ತು ವರ್ಷ ಸಾಲಿ ಕಲಿಸ್ಯಾರ.”

ಮಾಸ್ತರರು ನಿಧಾನಕ್ಕೆ ಕೂತರು. ಶಾಲೆ ಕಲಿಸುವುದರಿಂದಲೂ ಹಾನಿಯಾದೀತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಮತ್ತ ಆ ಕನ್ನಡಕ ತಗೀರಿ,” ಎಂದರು ಡಾಕ್ಟರು. ಮೈನೋದ್ದೀನ ತೆಗೆದ. ಮುಂದಿನ ಸಾಲಿನ ಹಿರಿಯರು ತಮ್ಮ ವಯಸ್ಸಿಗೆ ಮೀರಿದ ಚುರುಕಿನಿಂದ ಮೂರನೆಯ ಸಾಲಿಗೆ ಹಾರಿದರು.

ನಗು ಇಳಿಯುವುದನ್ನು ಕಾದು ಡಾಕ್ಟರು ಮೆತ್ತಗೆ ಕೇಳಿದರು. “ಉಳದ ಗುಳಿಗಿ ಏನು ಮಾಡಿದ್ರಿ? ಯಾರಿಗರೆ ಕೊಟ್ಟೀರೇನು? ಅವರಿಗೆ ಬ್ಯಾರೆ ಬ್ಯಾನಿ ಇದ್ರ, ಅದು ಒಳಗಿಂದೊಳಗ ಬೆಳೀತಿರತೈತಿ, ಇವ್ರು ಔಷಧ ತಗೊಳಾಕತ್ತೇವಿ ಅಂತ ಸುಮ್ಮನ ಕುಂತಿರ್ತಾರ. ಜೀವಕ್ಕ ಎರವಾಗತೈತಿ.”

ಮೈನೋದ್ದೀನ ಮಾವನ ಕಡೆ ನೋಡಿದ. ಮಾವ ಅವನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಅರ್ಥ ಒಂದೇ. ಕೊಟ್ಟ ಮಾತು! ಸಭೆಯಲ್ಲಿ ಇನ್ನೂರು ಮಂದಿ ಇದ್ದರು. ಅವರೆಲ್ಲರ ಅಧ್ಯಕ್ಷರು ಮೌಲಾಅಲಿ. ತಲೆಯಾಡಿಸಿ ಸುಮ್ಮನಾಗುವುದು ಮೈನೋದ್ದೀನನಿಗೆ ಹುಟ್ಟಿನಿಂದ ಬಂದ ವಿದ್ಯೆ. ಈ ಸಲವೂ ಅವನ ತಲೆ ಅರ್ಧ ಆಡಿತು. ಅಲ್ಲಿಗೇ ನಿಂತಿತು.

“ನಮ್ಮ ಮಾವನಿಗೆ ಕೊಟ್ಟೇನ್ರಿ,” ಎಂದ. “ಕಾಲಿನ ಬೆರಳು ಕಪ್ಪಾಗೇತಿ. ಸಕ್ಕರಿ ಬ್ಯಾನಿ ಐತ್ರಿ ಅವರಿಗೆ.”

“ಬಾಯಿ ಮುಚ್ಚು!” ಎಂದು ಮೌಲಾಅಲಿ ಗುಡುಗಿದರು. ಮೈಕು ಹತ್ತಿರವಿದ್ದುದರಿಂದ ಆ ಗುಡುಗು ಬಸ್ ನಿಲ್ದಾಣದವರೆಗೆ ಕೇಳಿತು.

ಮೈನೋದ್ದೀನ ಬಾಯಿ ಮುಚ್ಚಿದ. ಆದರೆ ಶಾಲು, ಹಾರಗಳ ಸಮೇತ ನೆಲಕ್ಕೆ ಕೂತು ಮಾವನ ಬಲಗಾಲು ಹಿಡಿದ. ಜನ ಕ್ಷಮೆ ಬೇಡುತ್ತಿದ್ದಾನೆಂದು ತಿಳಿದು ಚಪ್ಪಾಳೆ ತಟ್ಟಿದರು. ಅವನು ಬೂಟಿನ ಲೇಸು ಬಿಚ್ಚಿದ. ಬೂಟು ಕಳಚಿತು, ಕಾಲುಚೀಲ ಕಳಚಿತು. ಚಪ್ಪಾಳೆ ನಿಂತಿತು.

ಡಾಕ್ಟರು ಬಗ್ಗಿ ನೋಡಿದರು. ಎದ್ದಾಗ ಅವರ ಮುಖದಲ್ಲಿ ನಗೆಯಿರಲಿಲ್ಲ. “ಕಾರು ತರಸ್ರಿ. ಈಗಿಂದೀಗ.”

ಸಾಹಿರಾ ಹೆಂಗಸರ ಸಾಲಿನಿಂದ ಓಡಿ ಬಂದಳು. ಅಪ್ಪನನ್ನು ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ಕೆಂಗಣ್ಣಿನ ಗಂಡ ಹಿಡಿದು ಕಾರಿಗೆ ಹತ್ತಿಸಿದರು. ಘಟಪ್ರಭೆಯ ಆಸ್ಪತ್ರೆಯಲ್ಲಿ ಮೌಲಾಅಲಿ ಹದಿನಾಲ್ಕು ದಿನ ಇದ್ದರು. ಸತ್ತ ಮಾಂಸ ತೆಗೆದರು, ಕೀವು ಪರೀಕ್ಷೆಗೆ ಕಳಿಸಿ ಅದಕ್ಕೆ ಹೊಂದುವ ಔಷಧ ಕೊಟ್ಟರು, ಸಕ್ಕರೆಯನ್ನು ಹದಕ್ಕೆ ತಂದರು. ಬೆರಳು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಬೆರಳಿಗೆ ನಿಲ್ಲುತ್ತಿರಲಿಲ್ಲ, ಕಾಲಿಗೇ ಬರುತ್ತಿತ್ತೆಂದು ಅಲ್ಲಿಯ ಡಾಕ್ಟರು ಸಾಹಿರಾಳಿಗೆ ಹೇಳಿದರು.

ಬೆರಳು ಉಳಿದರೂ ಮಾತು ಉಳಿಯಲಿಲ್ಲ. ಮೌಲಾಅಲಿ ಅಳಿಯನೊಂದಿಗೆ ಮಾತು ಬಿಟ್ಟರು. ಕಣ್ಣು ತಿಳಿಯಾದ ಮೇಲೆ ಮೈನೋದ್ದೀನ ದಿನಾಲೂ ಸ್ಟುಡಿಯೋ ಮುಚ್ಚಿ ಆಸ್ಪತ್ರೆಗೆ ಬಂದು ಮಂಚದ ಬದಿಗೆ ಕೂರುತ್ತಿದ್ದ. ಮೌಲಾಅಲಿ ಗೋಡೆ ನೋಡುತ್ತ ಮಗಳಿಗೆ ಹೇಳುತ್ತಿದ್ದರು:

“ಅವಗ ಹೇಳು, ನೀರಿನ ಬಾಟ್ಲಿ ಕೊಡು ಅಂತ.”

ಮೈನೋದ್ದೀನ ಕೊಡುತ್ತಿದ್ದ.

“ಅವಗ ಹೇಳು, ನೀರು ಭಾಳ ಥಂಡ ಅದಾವು ಅಂತ.”

ಮೈನೋದ್ದೀನ ಬಿಸಿನೀರು ತರಲು ಓಡುತ್ತಿದ್ದ. ಒಂದು ದಿನ ಸಾಹಿರಾ ಸೈರಣೆ ತಪ್ಪಿ, “ಅಬ್ಬಾಜಾನ, ನಿಮ್ಮ ಕಾಲು ಉಳಿಸಿದವ್ರು ಅವ್ರು!” ಎಂದಳು.

“ಕಾಲು ಉಳಿಸಿದ. ಇನ್ನೂರು ಮಂದಿ ಮುಂದ ಬೂಟು ಬಿಚ್ಚಿದ. ಕಾಲುಚೀಲಕ್ಕ ತೂತಿತ್ತು,” ಎಂದರು ಮೌಲಾಅಲಿ. ಅವರಿಗೆ ಎಲ್ಲಕ್ಕಿಂತ ನೆಟ್ಟಿದ್ದು ಆ ತೂತು.

ಮೈನೋದ್ದೀನನ ಚಿಕಿತ್ಸೆಯೂ ಹೊಸದಾಗಿ ಶುರುವಾಯಿತು. ಈ ಸಲ ಡಾಕ್ಟರ್ ಸಂಘಮಿತ್ರಾ ಒಂದೊಂದು ಮಾತು ಹೇಳಿ, “ತಿಳೀತೇನ್ರಿ?” ಎಂದು ಕೇಳಿದರು, ಅವನು ತಲೆಯಾಡಿಸಿದರೆ, “ಹಂಗಾರ ನೀವು ನನಗ ಹೇಳ್ರಿ,” ಎಂದರು. ನಾಲ್ಕು ಸಲ ತಪ್ಪಾಗಿ ಹೇಳಿ ಐದನೆಯ ಸಲಕ್ಕೆ ಅವನು ಸರಿಯಾಗಿ ಹೇಳಿದ. ಗುಳಿಗೆ ಬೇಡ. ರಾತ್ರಿ ಒಂದು ಮುಲಾಮು. ಮುಂಜಾನೆ ಒಂದು ಬಿಳಿಯ ಮುಲಾಮು, ಇದಕ್ಕೆ ಕ್ರಿಮಿಗಳು ಎಷ್ಟು ಶಾಲೆ ಕಲಿತರೂ ಉಪಯೋಗವಿಲ್ಲ. ಹಚ್ಚುವುದು ಕಡಲೆಯಷ್ಟೇ. ಬಟ್ಟೆಗೆ ತಗುಲಿದರೆ ಬಣ್ಣ ಹೋಗುತ್ತದೆ.

ಕೊನೆಯ ಮಾತು ಸತ್ಯವೆಂದು ವಾರದೊಳಗೆ ಗೊತ್ತಾಯಿತು. ಕೆಂಪು ಟವೆಲ್ಲು ಗುಲಾಬಿಯಾಯಿತು, ನೀಲಿ ತಲೆದಿಂಬಿನ ನಡುವೆ ಬೆಳ್ದಿಂಗಳು ಮೂಡಿತು. ಸಾಹಿರಾ ಬಿಳಿಯ ದಿಂಬುಚೀಲ ಹೊಲಿಸಿದಳು. ಎರಡು ತಿಂಗಳಿಗೆ ಹಣೆ ತಿಳಿಯಾಯಿತು. ಮೂರನೆಯ ತಿಂಗಳಿಗೆ ಅಡಕೆಯೂ ಅಡಗಿತು. ಹನ್ನೆರಡು ವರ್ಷ ಬಾಳಿದ ಗಂಡನಿಗೆ ಗದ್ದದ ಮೇಲೆ ಕುಳಿಯಿದೆಯೆಂದು ಸಾಹಿರಾಳಿಗೆ ಆಗಲೇ ತಿಳಿದದ್ದು.

ಅಷ್ಟರಲ್ಲಿ ಈದ್ ಬಂತು. ಮೈನೋದ್ದೀನ ಹೆಂಡತಿ ಮಕ್ಕಳೊಂದಿಗೆ ಹುಕ್ಕೇರಿಗೆ ಹೊರಟ. ಮಾವನ ಮುಂದೆ ಮುಖ ಇನ್ನಷ್ಟು ಚಂದ ಕಾಣಲೆಂದು ಆ ಮುಂಜಾನೆ ಕಡಲೆಯಷ್ಟು ಹಚ್ಚುವ ಕಡೆ ನಿಂಬೆಕಾಯಿಯಷ್ಟು ಹಚ್ಚಿಕೊಂಡ. ತಿಳಿದದ್ದು ತಲೆಯಲ್ಲಿ ಉಳಿಯಬೇಕೆಂಬ ನಿಯಮವೇನಿಲ್ಲ.

ನಮಾಜು ಮುಗಿಸಿ ಬಂದ ಮೌಲಾಅಲಿ ಅಂಗಳದಲ್ಲಿ ನಿಂತಿದ್ದರು. ಬೆಳಗಾವಿಯಲ್ಲಿ ಹೊಲಿಸಿದ ಹೊಸ ಕಡುಹಸಿರು ಶೇರ್ವಾನಿ, ಕಾಲಿಗೆ ಡಾಕ್ಟರು ಹೇಳಿದ ಮೆತ್ತನೆಯ ಚಪ್ಪಲಿ. ಬಿಸಿಲು ಏರಿತ್ತು. ನ್ಯಾಯವಾಗಿ ನೋಡಿದರೆ ಅವರು ಮುಖ ತಿರುಗಿಸಬೇಕಿತ್ತು. ಮೊದಲು ತಿರುಗಿಸಿದರೂ ಕೂಡ. ಆದರೆ ಮೊಮ್ಮಕ್ಕಳು ಓಡಿ ಬಂದು ಎರಡೂ ಕಾಲುಗಳನ್ನು ಅಪ್ಪಿದವು. ಮೌಲಾಅಲಿ ಕೆಳಗೆ, ತಮ್ಮ ಬಲಗಾಲಿನ ಹೆಬ್ಬೆರಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಮೈನೋದ್ದೀನ,” ಎಂದರು, ಗೋಡೆಗಲ್ಲ, ಮಗಳಿಗಲ್ಲ. “ಬಾ ಇಲ್ಲೆ.”

ಎರಡೂ ತೋಳು ಚಾಚಿದರು. ಗಿಡ್ಡ ಮೈನೋದ್ದೀನ ಆರಡಿಯ ಮಾವನನ್ನು ಪದ್ಧತಿಯಂತೆ ಮೂರು ಸಲ ಅಪ್ಪಿದ. ಬೆವೆತ ಕೆನ್ನೆಯನ್ನು ಒಮ್ಮೆ ಆ ಭುಜಕ್ಕೆ, ಒಮ್ಮೆ ಈ ಭುಜಕ್ಕೆ ಒತ್ತಿದ. ಮೂರನೆಯ ಸಲ ಕಣ್ಣೀರು ಬಂದು ಸ್ವಲ್ಪ ಹೆಚ್ಚು ಹೊತ್ತೇ ಒತ್ತಿದ.

ಊಟ ಮುಗಿದು ಈದಿನ ಪಾಯಸ ಸುರಕುಂಬಾ ಕುಡಿಯುವ ಹೊತ್ತಿಗೆ ಸಾಹಿರಾ ಬಟ್ಟಲು ಹಿಡಿದವಳು ಹಾಗೆಯೇ ನಿಂತಳು. ಅಪ್ಪನ ಕಡುಹಸಿರು ಶೇರ್ವಾನಿಯ ಎರಡೂ ಭುಜದ ಮೇಲೆ ಅಂಗೈಯಗಲ ಹಳದಿ ಮಚ್ಚೆ. ಎಡಗಡೆಯದು ಸ್ವಲ್ಪ ದೊಡ್ಡದು. ನೋಡುನೋಡುತ್ತ ಅದು ಇನ್ನೂ ಬೆಳ್ಳಗಾಗುತ್ತಿತ್ತು.

ಮೈನೋದ್ದೀನ ಕೂತಲ್ಲಿಯೇ ಗಿಡ್ಡನಾದ. “ಮಾವಾ... ಅದು ಮುಲಾಮಿಂದ್ರಿ. ಬಣ್ಣ ತಗೀತೈತಿ ಅಂತ ಡಾಕ್ಟರು ಹೇಳಿದ್ರು. ನಾ...”

ಮೌಲಾಅಲಿ ಬಲಭುಜ ನೋಡಿದರು, ಎಡಭುಜ ನೋಡಿದರು. ಸಾಹಿರಾ ಕಣ್ಣು ಮುಚ್ಚಿದಳು. ಅವರು ಎದ್ದು ಒಳಗೆ ಹೋಗಿ ಶೇರ್ವಾನಿ ಬದಲಿಸುತ್ತಾರೆ ಎಂದೇ ಎಲ್ಲರೂ ತಿಳಿದರು. ಅವರು ಟೊಪ್ಪಿಗೆ ಸರಿಮಾಡಿಕೊಂಡು, ಮೆತ್ತನೆಯ ಚಪ್ಪಲಿ ಮೆಟ್ಟಿ, ಈದಿನ ಭೇಟಿಗೆಂದು ಹುಕ್ಕೇರಿಯ ಬಜಾರಿಗೆ ಹೊರಟೇಬಿಟ್ಟರು, ಅದೇ ಶೇರ್ವಾನಿಯಲ್ಲಿ, ಎದೆ ಸೆಟೆಸಿ.

ಮೊದಲ ತಿರುವಿನಲ್ಲೇ ಸಂಘದ ಗೆಳೆಯ ಬೀರಸಿದ್ದಪ್ಪ ತಡೆದ. “ಏನ್ರಿ ಮೌಲಾಅಲಿ ಸಾಹೇಬ್ರ, ಹೊಸಾ ಶೇರ್ವಾನಿಗೆ ಇದೇನ್ರಿ ಇದು?”

“ಯಾಕ, ತಿಳೀವಲ್ದೇನು?” ಎಂದರು ಮೌಲಾಅಲಿ. “ನಮ್ಮ ಅಳಿಯ ಅಪ್ಪಿಕೊಂಡಾನ.”